ಆರನೆಯ ತೂತು

ನನ್ನ ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಏಳು ಕಾಲಮ್ಮುಗಳಿವೆ. ವಾರ, ಹೊತ್ತು, ಯಾವ ರಿವಾಲ್ವರು, ತುಂಬಿದ ಕಾಡತೂಸು, ಸಿಡಿದದ್ದು, ಕಾಗದದ ಮೇಲಿನ ತೂತು, ಮತ್ತು ಕೊನೆಯದು ಮರುದನಿ. ಕೊನೆಯದನ್ನು ಯಾಕೆ ಬರೆಯುತ್ತೀ ಎಂದು ನೋಡಿದವರೆಲ್ಲ ಕೇಳುತ್ತಾರೆ. ರಾಯಚೂರಿನ ಹೊರಗೆ ನಮ್ಮ ಶೂಟಿಂಗ್ ರೇಂಜ್ ಇರುವ ಆ ಹಳೆಯ ಕಲ್ಲುಕ್ವಾರಿಯಲ್ಲಿ ಒಮ್ಮೆ ಗುಂಡು ಹಾರಿಸಿದವರು ಮಾತ್ರ ಕೇಳುವುದಿಲ್ಲ.

ಕ್ವಾರಿಯ ಮೂರು ಕಡೆ ಕಲ್ಲಿನ ಗೋಡೆ. ತಳದಲ್ಲಿ ಹಸಿರು ನೀರು ನಿಂತಿದೆ, ಎಷ್ಟು ಆಳ ಎಂದು ಯಾರೂ ಅಳೆದಿಲ್ಲ. ಅಲ್ಲಿ ಹಾರಿಸಿದ ಗುಂಡಿನ ಸದ್ದು ಎದುರಿನ ಗೋಡೆಗೆ ಬಡಿದು ನೇರವಾಗಿ ತಿರುಗಿ ಬರುವುದಿಲ್ಲ. ಎಲ್ಲೆಲ್ಲೋ ಸುತ್ತಾಡಿ, ಒಂದು ಉಸಿರಿನಷ್ಟು ಹೊತ್ತು ಬಿಟ್ಟು, ನಮ್ಮ ಬೆನ್ನ ಹಿಂದಿನಿಂದ ಬರುತ್ತದೆ. ಕಿವಿಗೆ ದಪ್ಪ ಮಫ್ ಹಾಕಿಕೊಂಡಿದ್ದರೂ ಅದು ಎದೆಗೆ ತಿಳಿಯುತ್ತದೆ. ಮೊದಲ ದಿನ ಯಾರೋ ಹಿಂದೆ ಬಂದು ನಿಂತರು ಎಂದು ನಾನು ತಿರುಗಿ ನೋಡಿದ್ದೆ. ಎರಡನೆಯ ದಿನವೂ ನೋಡಿದೆ. ಮೂರನೆಯ ದಿನದಿಂದ ತಿರುಗುವ ಬದಲು ಪೆನ್ಸಿಲಿನಿಂದ ಗೀಟು ಹಾಕತೊಡಗಿದೆ. ಬರೆದರೆ ಹೆದರಿಕೆ ಕಡಿಮೆ.

ಎಣಿಸುವುದು ನನಗೆ ಹೊಟ್ಟೆಪಾಡು ಕೂಡ. ಮಾನ್ವಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಭತ್ತದ ಮಾದರಿ ಪರೀಕ್ಷಿಸುವವಳು ನಾನು. ಲಾರಿಯಿಂದ ಇಳಿದ ಚೀಲಕ್ಕೆ ಕೊಳವೆ ಚುಚ್ಚಿ ಹಿಡಿ ಭತ್ತ ತೆಗೆದು, ಸುಲಿದು, ನೂರು ಕಾಳು ಬಿಳಿ ತಟ್ಟೆಯ ಮೇಲೆ ಹರಡುತ್ತೇನೆ. ಅದರಲ್ಲಿ ನುಚ್ಚು ಎಷ್ಟು, ಕೆಂಪಾದವು ಎಷ್ಟು, ಹೊಟ್ಟೆ ಬೆಳ್ಳಗಾದವು ಎಷ್ಟು ಎಂದು ಬರೆಯುತ್ತೇನೆ. ಐದು ವರ್ಷಗಳಲ್ಲಿ ಬೇರೆಯವರು ಮರು ಎಣಿಕೆ ಮಾಡಿ ನನ್ನ ತಪ್ಪು ಹಿಡಿದದ್ದು ಎರಡೇ ಸಲ. ಎರಡರದೂ ವಾರ ಮತ್ತು ಹೊತ್ತು ನನ್ನಲ್ಲಿವೆ.

ಭಾನುವಾರ ಮಿಲ್ಲಿಗೆ ರಜೆ. ಬೆಳಗಿನ ಮೊದಲ ಬಸ್ಸಿಗೆ ರಾಯಚೂರಿಗೆ ಹೋಗುತ್ತೇನೆ. ಕ್ರೀಡೆಗಾಗಿ ಪರವಾನಗಿ ಪಡೆದ ನನ್ನ ರಿವಾಲ್ವರು ಹೊಸದು, ಆದರೆ ಆಕಾರ ಹಳೆಯದು. ಹಿಂದಿನ ಕಾಲದ ಸೈನ್ಯದವರು ಇಟ್ಟುಕೊಳ್ಳುತ್ತಿದ್ದ ರಿವಾಲ್ವರಿನ ಮಾದರಿಯನ್ನೇ ಚಿಕ್ಕದಾಗಿ, ನಮ್ಮ ದೇಶದಲ್ಲೇ ಮಾಡಿದ ನಕಲು. ಕತ್ತಿನ ಹತ್ತಿರದ ಚಿಲಕ ಒತ್ತಿದರೆ ಇಡೀ ನಳಿಗೆ ಮುಂದಕ್ಕೆ ಮಡಚಿಕೊಂಡು ಬಾಗುತ್ತದೆ, ಖಾಲಿಯಾದ ಆರೂ ಕಾಡತೂಸು ಒಟ್ಟಿಗೆ ಮೇಲೆದ್ದು ಅಂಗೈಗೆ ಬೀಳುತ್ತವೆ. ಆ ಮಡಚುವ ಕತ್ತಿಗಾಗಿಯೇ ನಾನು ಅದನ್ನು ಆರಿಸಿಕೊಂಡದ್ದು. ಈ ಕಥೆ ಶುರುವಾಗುವ ಹೊತ್ತಿಗೆ ಅದರಿಂದ ಆರುನೂರಾ ಹನ್ನೆರಡು ಗುಂಡು ಹಾರಿಸಿದ್ದೆ. ಸಿಡಿಯದೆ ಉಳಿದದ್ದು ಒಂದೂ ಇರಲಿಲ್ಲ.

ಆ ನಕಲಿನ ಅಸಲು ನನ್ನ ಸೋದರಮಾವನ ಮನೆಯಲ್ಲಿತ್ತು.

ಮಾವ ದೇವದುರ್ಗದಲ್ಲಿ ಶಾಲೆಯ ಡ್ರಿಲ್ ಮಾಸ್ತರರಾಗಿದ್ದು ನಿವೃತ್ತರಾದವರು. ರಿವಾಲ್ವರು ಅವರ ಅಪ್ಪನದು. ಅಂದರೆ ನನ್ನ ತಾಯಿಯ ತಂದೆಯದು. ನಿಜಾಮರ ಕಾಲ ಮುಗಿಯುವ ಹೊತ್ತಿಗೆ ಆ ಅಜ್ಜ ಗಸ್ತಿನ ಕೆಲಸದಲ್ಲಿದ್ದರಂತೆ. ನಾನು ಹುಟ್ಟುವ ಮೊದಲೇ ಹೋದರು. ಮನೆಯಲ್ಲಿ ಅವರ ಫೋಟೋ ಇಲ್ಲ, ಅವರ ಬಗ್ಗೆ ಮಾತೂ ಕಡಿಮೆ. ಆಯುಧಪೂಜೆಯ ದಿನ ಮಾತ್ರ ಮಾವ ಕಬ್ಬಿಣದ ಟ್ರಂಕಿನಿಂದ ಅದನ್ನು ತೆಗೆದು, ಎಣ್ಣೆ ಬಟ್ಟೆಯಿಂದ ಒರೆಸಿ, ಕುಡಗೋಲು ಕೊಡಲಿಗಳ ನಡುವೆ ಇಟ್ಟು ಕುಂಕುಮ ಹಚ್ಚುತ್ತಿದ್ದರು. ನನ್ನ ತಾಯಿ ಆ ಹೊತ್ತಿಗೆ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, "ಅದು ನೋಡ್ತದ" ಎನ್ನುತ್ತಿದ್ದಳು. ಅಷ್ಟೇ.

ಕಳೆದ ಚಳಿಗಾಲದ ಶುರುವಿನಲ್ಲಿ ಮಾವನ ಪರವಾನಗಿ ನವೀಕರಣಕ್ಕೆ ಬಂತು. ಕಣ್ಣಿನಲ್ಲಿ ಪೊರೆ, ಕೈಯಲ್ಲಿ ಸಣ್ಣ ನಡುಕ. ವೈದ್ಯರು ಪ್ರಮಾಣಪತ್ರಕ್ಕೆ ಸಹಿ ಹಾಕಲಿಲ್ಲ. ತಿಂಗಳೊಳಗೆ ರಿವಾಲ್ವರನ್ನು ಠಾಣೆಗೆ ಒಪ್ಪಿಸಬೇಕಾಯಿತು. ಅದರ ಅಳತೆಯ ಕಾಡತೂಸು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಾವನ ಹತ್ತಿರ ಉಳಿದದ್ದು ಮೂವತ್ತು, ಎಲ್ಲವೂ ಅಜ್ಜನ ಕಾಲದವು.

"ಈ ಮೂವತ್ತೂ ನಾನ ಹೊಡೀಬೇಕು," ಎಂದರು ಮಾವ ಫೋನಿನಲ್ಲಿ. "ಬ್ಯಾರೆದವ್ರ ಕಪಾಟಿನ್ಯಾಗ ತುಕ್ಕು ಹಿಡ್ಯಾಕ ಬಿಡಂಗಿಲ್ಲ. ನಿಮ್ಮ ಕಲ್ಲಿನ ಕಣಿಗೆ ಕರಕೊಂಡು ಹೋಗು. ನೀ ಬರಿ, ನಾ ಹೊಡೀತೀನಿ."

ನಾಲ್ಕು ಭಾನುವಾರ ಉಳಿದಿದ್ದವು. ಮೊದಲ ಮೂರಕ್ಕೆ ಆರಾರು, ಕೊನೆಯದಕ್ಕೆ ಹನ್ನೆರಡು ಎಂದು ನಾನು ಹಂಚಿದೆ.

ಮೊದಲ ಭಾನುವಾರ, ಬೆಳಿಗ್ಗೆ ಎಂಟೂ ನಲವತ್ತು. ರೇಂಜಿನ ಉಸ್ತುವಾರಿ ನೋಡುವವರು ಪೊಲೀಸರ ಬಂದೂಕು ದುರಸ್ತಿ ಮಾಡಿ ನಿವೃತ್ತರಾದ ಒಬ್ಬ ಮುಸಲ್ಮಾನ ಹಿರಿಯರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತೇವೆ. ಅವರು ಮಾವನ ರಿವಾಲ್ವರನ್ನು ಕೈಗೆ ತೆಗೆದುಕೊಂಡು, ಮಡಚಿ, ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿದರು. ಆಮೇಲೆ ಒಂದು ಕಾಡತೂಸನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರು, ತೆಂಗಿನಕಾಯಿ ನೋಡುವಂತೆ.

"ಪಿಸ್ತೂಲ್ ಶೇರ್ ಅದ, ಸಿಂಹದಂಥಾದ್ದು, ಮಾಸ್ತರ್," ಎಂದರು ಉಸ್ತಾದ್. "ಆದ್ರ ಕಾಡತೂಸು ಮುದ್ಯಾಗ್ಯಾವ. ಹಳೇ ಕಾಡತೂಸು ಮೂರು ತರಾ ಮೋಸ ಮಾಡ್ತಾವ. ಒಂದು, ಸಿಡಿಯಂಗಿಲ್ಲ. ಎರಡು, ತಡಾ ಮಾಡಿ ಸಿಡೀತದ. ಇವೆರಡಕ್ಕ ದವಾ ಏನಂದ್ರ ಸಬರ್. ಟಕ್ ಅಂದು ಸುಮ್ಮನಾತು ಅಂದ್ರ ಕೈ ಇಳಿಸಬ್ಯಾಡ್ರಿ, ಗುರಿ ಕಡೆನ ಹಿಡದು ಅರವತ್ತು ಎಣಸ್ರಿ."

"ಮೂರನೇದು?" ಎಂದೆ.

"ಮೂರನೇದು ಅರ್ಧಾ ಸಿಡೀತದ, ಬೇಟಿ. ಪುಸ್ ಅಂತದ. ಗುಂಡು ಹೊರಗ ಬರಂಗಿಲ್ಲ, ನಳಿಗ್ಯಾಗ ಕುಂದರತದ. ಗೊತ್ತಾಗದ ಅದರ ಹಿಂದ ಇನ್ನೊಂದು ಹೊಡದ್ರ..." ಅವರು ಮುಷ್ಟಿ ಕಟ್ಟಿ, ಐದೂ ಬೆರಳು ಒಮ್ಮೆಗೇ ಬಿಡಿಸಿ ತೋರಿಸಿದರು. "ನಳಿಗಿ ಹೂವು ಅರಳಿದಂಗ ಅರಳತದ. ಕೈ ಇರಂಗಿಲ್ಲ."

"ಉಸ್ತಾದ್, ನೀವು ಮದವಿ ಮನಿಗೆ ಬಂದ್ರೂ ಹೆಣದ ಮಾತ ಆಡ್ತೀರಿ ನೋಡ್ರಿ," ಎಂದು ಮಾವ ನಕ್ಕರು.

ಅಂದು ಆರೂ ಸಿಡಿದವು. ನನ್ನ ಹೊಸ ರಿವಾಲ್ವರು ಕೋಲಿನಿಂದ ತಗಡು ಬಡಿದಂತೆ ಸದ್ದು ಮಾಡಿದರೆ, ಮಾವನದು ಗೋಣಿಚೀಲ ಎತ್ತಿ ಕೆಡವಿದಂತೆ ಮಾಡುತ್ತಿತ್ತು. ಹೊಗೆಯೂ ಹೆಚ್ಚು, ಗಾಳಿ ಇಲ್ಲದ ಕ್ವಾರಿಯಲ್ಲಿ ಅದು ಮಾವನ ತಲೆಯ ಸುತ್ತಲೇ ನಿಲ್ಲುತ್ತಿತ್ತು. ಮರುದನಿಯಲ್ಲೂ ವ್ಯತ್ಯಾಸವಿತ್ತು. ನನ್ನದರ ಮರುದನಿ ಬೇಗ ಬಂದು ಬೇಗ ಮುಗಿಯುತ್ತಿತ್ತು. ಮಾವನದು ತಡವಾಗಿ ಬರುತ್ತಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ದೊಡ್ಡ ಬಾಗಿಲು ಮುಚ್ಚಿದಂತೆ. ತುಂಬಿದ್ದು ಆರು, ಸಿಡಿದದ್ದು ಆರು, ತೂತು ನಾಲ್ಕು, ಮರುದನಿ ಆರು. ಎರಡು ಗುಂಡು ಕಾಗದದ ಎಡಗಡೆಯಿಂದ ಆಚೆ ಹೋಗಿ ಮಣ್ಣಿನ ದಿಬ್ಬಕ್ಕೆ ಬಿದ್ದವು. ಮಣ್ಣು ಹಾರಿದ್ದನ್ನು ನಾನೇ ನೋಡಿದೆ.

ಎರಡನೆಯ ಭಾನುವಾರದ ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿ ಅದರ ಮೂಲೆ ಮೆತ್ತಗಾಗಿದೆ.

ಮೂರು ಸಿಡಿದವು. ನಾಲ್ಕನೆಯದಕ್ಕೆ ಕುದುರೆ, ಅಂದರೆ ಕಾಡತೂಸಿನ ಹಿಂಬದಿಗೆ ಬಡಿಯುವ ಕೊಕ್ಕೆ, ಬಿದ್ದು ಟಕ್ ಎಂದಿತು. ಮಾವ ಕೈ ಇಳಿಸಲಿಲ್ಲ. ಉಸ್ತಾದ್ ತಸ್ಬಿಯ ಜಪಮಣಿ ಉರುಳಿಸುತ್ತ ಅರವತ್ತು ಎಣಿಸಿದರು. ಏನೂ ಆಗಲಿಲ್ಲ. ಐದನೆಯದು ಸಿಡಿಯಿತು. ಆರನೆಯದಕ್ಕೆ ಮತ್ತೆ ಟಕ್.

ಮತ್ತೆ ಎಣಿಕೆ. ರೇಂಜಿನಲ್ಲಿ ಆ ಹೊತ್ತಿಗೆ ನಾವು ಮೂವರೇ ಇದ್ದೆವು. ಗಾಳಿ ಇರಲಿಲ್ಲ. ನೀರಿನ ಅಂಚಿನ ಕಲ್ಲಿನ ಮೇಲೆ ಒಂದು ಬಿಳಿ ಹಕ್ಕಿ ಒಂಟಿಗಾಲಿನಲ್ಲಿ ನಿಂತಿತ್ತು. ಮಾವನ ತೋಳು ಚಾಚಿಯೇ ಇತ್ತು. ನಾನೂ ಮನಸ್ಸಿನಲ್ಲಿ ಎಣಿಸುತ್ತಿದ್ದೆ. ನಲವತ್ತೊಂದಕ್ಕೆ ಬಂದಾಗ ನಮ್ಮ ಬೆನ್ನ ಹಿಂದಿನಿಂದ ಮರುದನಿ ಬಂತು.

ಹಕ್ಕಿ ಎದ್ದು ಹಾರಿತು. ಆದ್ದರಿಂದ ಅದು ನನ್ನ ಭ್ರಮೆಯಲ್ಲ.

ಮಾವನ ರಿವಾಲ್ವರಿನ ಬಾಯಿಂದ ಹೊಗೆ ಬಂದಿರಲಿಲ್ಲ. ನನ್ನದು ಮೇಜಿನ ಮೇಲೆ ಮಡಚಿದ ಸ್ಥಿತಿಯಲ್ಲಿ, ಖಾಲಿ ಬಿದ್ದಿತ್ತು. ಉಸ್ತಾದ್ ಅರವತ್ತರ ತನಕ ಮಣಿ ಉರುಳಿಸುವುದನ್ನು ನಿಲ್ಲಿಸಲಿಲ್ಲ. ನಂತರ ಕಾಡತೂಸನ್ನು ತೆಗೆದು ನೋಡಿದರು. ಹಿಂದೆ ಕುದುರೆ ಬಡಿದ ಗುರುತು ಇತ್ತು, ಮುಂದೆ ಸೀಸದ ಗುಂಡು ಇದ್ದಲ್ಲೇ ಇತ್ತು.

"ಬ್ಯಾರೆ ಕ್ವಾರಿಯಾಗ ಬ್ಲಾಸ್ಟ್ ಮಾಡಿರಬೇಕು," ಎಂದೆ.

"ಐತವಾರ ಯಾರ್ ಮಾಡ್ತಾರ?" ಎಂದರು ಉಸ್ತಾದ್. ಆಮೇಲೆ ನನ್ನ ಮುಖ ನೋಡಿ, "ಮಾಡಿರಬಹುದು, ಮಾಡಿರಬಹುದು" ಎಂದು ಸೇರಿಸಿದರು.

ತುಂಬಿದ್ದು ಆರು, ಸಿಡಿದದ್ದು ನಾಲ್ಕು, ತೂತು ಮೂರು, ಮರುದನಿ ಐದು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಕಲ್ಲು ನಾವು ಕೊಡದ ಸದ್ದನ್ನು ವಾಪಸು ಕೊಟ್ಟಿತ್ತು. ಬಸ್‌ಸ್ಟ್ಯಾಂಡಿಗೆ ಮಾವನನ್ನು ಬಿಡಲು ಹೋದೆ. ದೇವದುರ್ಗದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೆ ಕೆಳಗೆ ನಿಂತಿದ್ದ ನನ್ನತ್ತ ಬಾಗಿ ಹೇಳಿದರು: "ನಾ ಸಣ್ಣಾವಿದ್ದಾಗ ಅಪ್ಪ ಹಳ್ಳದ ಆಚಿ ಕಡೆ ಹೋಗಿ ಹೊಡಿತಿದ್ದ. ಮನಿಗೆ ಹಿಂಗ ಕೇಳ್ತಿತ್ತು." ಬಸ್ಸು ಹೊರಟಿತು. ಅಜ್ಜ ಏನನ್ನು ಹೊಡೆಯುತ್ತಿದ್ದರು ಎಂದು ಕೇಳಬೇಕೆಂದಿದ್ದೆ, ಆಗಲಿಲ್ಲ.

ಮೂರನೆಯ ಭಾನುವಾರ ಮಾವ ಗೆಲುವಾಗಿದ್ದರು. ನಾಲ್ಕು ತಾವು ಹೊಡೆದು, "ಎರಡು ನೀ ಹೊಡಿ. ಅಸಲು ಅಂದ್ರ ಏನಂತ ಗೊತ್ತಾಗಲಿ ನಿನಗ," ಎಂದು ರಿವಾಲ್ವರನ್ನು ನನ್ನ ಮುಂದೆ ಇಟ್ಟರು.

ನನ್ನದಕ್ಕಿಂತ ಸುಮಾರು ಎರಡು ಪಾಲು ತೂಕ. ಹಿಡಿಕೆಯ ಕಟ್ಟಿಗೆ ಎಷ್ಟೋ ವರ್ಷ ಉಜ್ಜಿ ಉಜ್ಜಿ ಸವೆದಿತ್ತು. ಆದರೆ ಸವೆದ ಜಾಗಕ್ಕೂ ನನ್ನ ಬೆರಳಿಗೂ ಹೊಂದಲೇ ಇಲ್ಲ. ಹೆಬ್ಬೆರಳು ಇರಬೇಕಾದ ಕಡೆ ಉಬ್ಬು, ಇರಬಾರದ ಕಡೆ ಕುಳಿ. ಮೊದಲ ಗುಂಡು ಎಡಕ್ಕೆ ಹೋಯಿತು, ಮಾವನವು ಹೋಗುತ್ತಿದ್ದಂತೆಯೇ. ಎರಡನೆಯದಕ್ಕೆ ಸುಮ್ಮನೆ, ಯಾಕೆಂದು ಈಗಲೂ ಗೊತ್ತಿಲ್ಲ, ಅದನ್ನು ಎಡಗೈಗೆ ತೆಗೆದುಕೊಂಡೆ. ಹೆಬ್ಬೆರಳು ತಾನಾಗಿ ಕುಳಿಯೊಳಗೆ ಕುಳಿತಿತು. ಎಡಗೈಯಲ್ಲಿ ನಾನು ಅದುವರೆಗೆ ಒಂದು ಗುಂಡನ್ನೂ ಹೊಡೆದವಳಲ್ಲ. ಟ್ರಿಗರ್ ಎಳೆದೆ. ಟಕ್ ಎಂದಿತು. ಒಂದು ಎನ್ನುವಷ್ಟರಲ್ಲಿ, ನಾನು ಏನೂ ಮಾಡದೆಯೇ, ಸಿಡಿಯಿತು. ಉಸ್ತಾದ್ ಹೇಳಿದ್ದ ಎರಡನೆಯ ಬಗೆಯ ಮೋಸ. ಕಾಗದದ ನಟ್ಟನಡುವೆ ತೂತು ಬಿದ್ದಿತ್ತು.

"ನಮ್ಮಪ್ಪ ಎಡಚ," ಎಂದರು ಮಾವ, ನಾನು ಕೇಳುವ ಮೊದಲೇ. ರಿವಾಲ್ವರನ್ನು ನನ್ನ ಕೈಯಿಂದ ಬೇಗ ತೆಗೆದುಕೊಂಡರು.

"ಮತ್ತ ನೀವೂ ಎಡಗೈಲೆ ಹೊಡದ್ರ..."

"ಬ್ಯಾಡ. ಅದು ಅಪ್ಪನ ಕೈ. ನಂದು ನನಗಿರಲಿ."

ಆಮೇಲೆ ನನ್ನ ಹೊಸದರಿಂದ ಆರು ಹೊಡೆದರು. ಪೊರೆಗಣ್ಣು, ನಡುಗುವ ಕೈ, ಆದರೂ ಐದು ಕಪ್ಪು ವೃತ್ತದೊಳಗೆ ಬಿದ್ದವು. ನಾನು ಚಪ್ಪಾಳೆ ತಟ್ಟಿದೆ. ಮಾವನಿಗೆ ಮಾತ್ರ ಖುಷಿಯಾಗಲಿಲ್ಲ.

"ಚಲೋ ಅದ. ಆದ್ರ ಇದಕ್ಕ ನಾ ಯಾರಂತ ಗೊತ್ತಿಲ್ಲ. ಯಾರು ಹಿಡದ್ರೂ ಹೊಡೀತದ, ನಲ್ಲಿ ತಿರುವಿದ್ರ ನೀರು ಬಂದಂಗ."

"ನಲ್ಯಾಗ ದಿನಾ ನೀರು ಬಂದ್ರ ದೇವದುರ್ಗದಾಗ ಯಾರ್ ಬ್ಯಾಡಂತಾರ, ಮಾಸ್ತರ್?" ಎಂದರು ಉಸ್ತಾದ್. ಮೂವರೂ ನಕ್ಕೆವು. ಆ ತಿಂಗಳಲ್ಲಿ ನಾವು ಹಾಗೆ ನಕ್ಕದ್ದು ಅದೊಂದೇ ಸಲ ಎಂದು ಕಾಣುತ್ತದೆ.

ನಾಲ್ಕನೆಯ ಭಾನುವಾರ. ಒಂಬತ್ತು ಗಂಟೆ ಐದು ನಿಮಿಷ. ಉಳಿದದ್ದು ಹನ್ನೆರಡು. ಮರುದಿನ ಸೋಮವಾರ ರಿವಾಲ್ವರು ಠಾಣೆಗೆ ಹೋಗಬೇಕು.

ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮೊದಲ ಆರು ತುಂಬಿದರು. ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ ಕಾರಿನ ಹಾರ್ನ್ ಬಾರಿಸಿದರು. ಸದಸ್ಯರಲ್ಲದವರು ಒಳಗೆ ಬರಬಾರದು ಎಂದು ಹೇಳಿ ಕಳಿಸಲು ಉಸ್ತಾದ್ ಆ ಕಡೆ ಹೋದರು. ಹೋಗುವಾಗ ತಮ್ಮ ಸೀಟಿಯನ್ನು ನನ್ನ ಮೇಜಿನ ಮೇಲಿಟ್ಟು, "ನಾ ಬರೂತನ ನೀನ ಉಸ್ತಾದ್" ಎಂದರು.

ಮಾವ ಹೊಡೆಯತೊಡಗಿದರು. ಒಂದು, ಮರುದನಿ. ಎರಡು, ಮರುದನಿ. ಮೂರು, ನಾಲ್ಕು, ಐದು. ನಾನು ದುರ್ಬೀನಿನಲ್ಲಿ ನೋಡುತ್ತಿದ್ದೆ. ಐದೂ ಕಪ್ಪಿನೊಳಗೆ ಬಿದ್ದಿದ್ದವು. ಹಾಗೆ ಅವರು ಎಂದೂ ಹೊಡೆದಿರಲಿಲ್ಲ. ಐದನೆಯದರ ಹೊತ್ತಿಗೇ ಕ್ವಾರಿಯ ಆಚೆ ಗೂಡ್ಸ್ ಗಾಡಿಯೊಂದು ಬಂದಿತ್ತು, ಆರನೆಯದು ಹೊಡೆಯುವಾಗಲೂ ಸಾಗುತ್ತಲೇ ಇತ್ತು. ನೆಲವೆಲ್ಲ ಅದರ ಗದಗದ. ಕುದುರೆ ಬಿದ್ದದ್ದು ಕಂಡಿತು, ಏನೋ ಸಣ್ಣ ಸದ್ದು ಕೇಳಿದಂತಾಯಿತು. ಪೆನ್ಸಿಲ್ ಹಿಡಿದು ಮರುದನಿಗಾಗಿ ಕಾಯ್ದೆ. ಗಾಡಿ ಹೋಯಿತು. ಬೆನ್ನ ಹಿಂದೆ ಏನೂ ಬರಲಿಲ್ಲ.

ಮಾವ ರಿವಾಲ್ವರನ್ನು ಮಡಚಿ, ಖಾಲಿ ಆರನ್ನೂ ಅಂಗೈಗೆ ಸುರಿದುಕೊಂಡು, ಅದನ್ನು ಮೇಜಿನ ಮೇಲಿಟ್ಟರು. "ಎಷ್ಟು?"

"ಐದು."

"ಸರಿಯಾಗಿ ನೋಡವ್ವಾ. ಆರೂ ಒಳಗ ಹೋದ ಹಂಗ ಇತ್ತು."

ಕಾಗದದ ತನಕ ನಡೆದು ಹೋದೆವು. ತೂತು ಐದೇ ಇದ್ದವು. ಅದರಲ್ಲಿ ಒಂದು ಸ್ವಲ್ಪ ಉದ್ದನೆಯದು, ಅಂಚು ಹರಿದಿತ್ತು. ಮಾವ ಅದಕ್ಕೆ ಕಿರುಬೆರಳ ತುದಿ ಇಟ್ಟು ನನ್ನತ್ತ ತಿರುಗಿದರು. "ಇದರಾಗ ಎರಡು ಹೋಗ್ಯಾವ. ನೋಡು ಅಂಚು. ಒಂದರ ಬೆನ್ನಿಗೆ ಒಂದು!"

ಗುಂಡು ಹೊಡೆಯುವವರೆಲ್ಲರೂ ಜೀವನದಲ್ಲಿ ಒಮ್ಮೆಯಾದರೂ ಈ ಮಾತು ಹೇಳುತ್ತಾರೆ. ತೂತು ಒಂದು ಕಡಿಮೆ ಬಂದರೆ, ಗುಂಡು ಆಚೆ ಹೋಯಿತು ಎನ್ನುವ ಬದಲು ಒಂದೇ ತೂತಿನಲ್ಲಿ ಎರಡು ಹೋದವು ಎನ್ನುತ್ತಾರೆ. ನಾನೂ ಹೇಳಿದ್ದೇನೆ. ಯಾರೂ ನಂಬುವುದಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. ಅದು ನಮ್ಮ ನಡುವಿನ ಮರ್ಯಾದೆ. ಮಾವನ ಮುಖ ನೋಡಿದೆ. ಎಪ್ಪತ್ತೊಂದರ ಆ ಮುಖದಲ್ಲಿ ಓಟದಲ್ಲಿ ಗೆದ್ದ ಶಾಲಾ ಹುಡುಗನ ಕಳೆ ಇತ್ತು. ನಾಳೆ ಇದನ್ನೆಲ್ಲ ಒಪ್ಪಿಸಿ ಬರಿಗೈಯಲ್ಲಿ ಮನೆಗೆ ಹೋಗುವವರು.

"ಹೌದು ಮಾವ," ಎಂದೆ. "ಆರು."

ಮೇಜಿಗೆ ಬಂದು ಅವರ ಎದುರಿನಲ್ಲೇ ಬರೆದೆ. ತುಂಬಿದ್ದು ಆರು, ಸಿಡಿದದ್ದು ಆರು, ತೂತು ಆರು. ಅವರು ನನ್ನ ಹೆಗಲ ಮೇಲಿಂದ ಬಾಗಿ ನೋಡಿ, ಹೂಂ ಎಂದು ಕಿವಿಗೆ ಮಫ್ ಏರಿಸಿಕೊಂಡರು. ಮರುದನಿಯ ಕಾಲಮ್ಮಿನಲ್ಲಿ ಐದು ಗೀಟುಗಳಿದ್ದವು. ಆ ಕಾಲಮ್ಮು ಎರಡು ವಾರದ ಹಿಂದೆಯೇ ಒಮ್ಮೆ ತಪ್ಪಿತ್ತಲ್ಲ, ಕಲ್ಲಿನ ಮಾತನ್ನು ಯಾರು ನಂಬುತ್ತಾರೆ, ರೈಲಿನ ಸದ್ದಿನಲ್ಲಿ ಮುಳುಗಿರಬೇಕು ಎಂದುಕೊಂಡೆ.

ಮಾವ ಕೊನೆಯ ಆರನ್ನು ಒಂದೊಂದಾಗಿ ತುಂಬಿದರು. ಕತ್ತು ಮುಚ್ಚಿದ ಸದ್ದಾಯಿತು. ತೋಳು ಮೇಲೆದ್ದಿತು.

ನಾನು ಪುಟವನ್ನೇ ನೋಡುತ್ತಿದ್ದೆ. ಆರು, ಆರು, ಆರು, ಐದು. ಮಿಲ್ಲಿನಲ್ಲಿ ಹೀಗೆ ಬಂದರೆ ನಾನು ತಟ್ಟೆಯನ್ನು ಮತ್ತೆ ಎಣಿಸದೆ ಚೀಟಿಗೆ ಸಹಿ ಹಾಕುವುದಿಲ್ಲ. ಎರಡನೆಯ ಭಾನುವಾರ ಮರುದನಿ ಹೆಚ್ಚು ಬಂದಿತ್ತು. ಹೆಚ್ಚು ಎಲ್ಲಿಂದಲಾದರೂ ಬರಬಹುದು. ಹೊರಗಿನ ಸದ್ದು ಒಳಗೆ ಸೇರಬಹುದು. ಆದರೆ ಕಡಿಮೆ? ಈ ಗೋಡೆಗಳ ನಡುವೆ ಆ ರಿವಾಲ್ವರಿನಿಂದ ಗುಂಡು ಹೊರಟಿದ್ದರೆ ಕಲ್ಲು ಸುಮ್ಮನಿರುವುದು ಹೇಗೆ? ಗಾಡಿಯ ಸದ್ದಿನಲ್ಲೂ ಐದನೆಯದು ಎದೆಗೆ ಬಡಿದಿತ್ತು. ಆರನೆಯದು ಬಡಿಯಲಿಲ್ಲ. ಗುಂಡು ಹೊರಟಿಲ್ಲ. ನಳಿಗೆಯಲ್ಲೇ ಇದೆ.

"ಮಾವ!" ಎಂದು ಕೂಗಿದೆ. ಮಫ್ ಹಾಕಿದವರಿಗೆ ಕೇಳಲಿಲ್ಲ. ಗುರಿ ಹಿಡಿದವರ ಮೈ ಮುಟ್ಟಬಾರದು, ಬೆಚ್ಚಿ ಬೆರಳು ಎಳೆದರೆ ಮುಗಿಯಿತು. ಅವರ ಹೆಬ್ಬೆರಳು ಕುದುರೆಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಮೇಜಿನ ಮೇಲಿನ ಸೀಟಿ ಕೈಗೆ ಸಿಕ್ಕಿತು. ಉಸಿರೆಲ್ಲ ತುಂಬಿ ಊದಿದೆ.

ಮೂವತ್ತು ವರ್ಷ ಮಕ್ಕಳನ್ನು ಸೀಟಿಗೆ ನಿಲ್ಲಿಸಿದ ಮನುಷ್ಯ ತಾವೂ ನಿಂತುಬಿಟ್ಟರು. ಕದಲಲಿಲ್ಲ. ಚಾಚಿದ ತೋಳು, ಅರ್ಧ ಎದ್ದ ಕುದುರೆ, ಬಿಳಿ ಅಂಗಿ. ಸೀಟಿಯ ಮರುದನಿ ಬೆನ್ನ ಹಿಂದಿನಿಂದ ಬಂತು, ಯಾರೋ ಬಹಳ ದೂರದಲ್ಲಿ ಇನ್ನೊಂದು ಸೀಟಿ ಊದಿದಂತೆ.

ಉಸ್ತಾದ್ ಓಡಿ ಬಂದರು. ನಾನು ಹೇಳಿದ್ದನ್ನು ಪೂರ್ತಿ ಕೇಳುವ ಮೊದಲೇ ಮಾವನ ಮಣಿಕಟ್ಟನ್ನು ಕೆಳಗಿನಿಂದ ಹಿಡಿದು, ಕುದುರೆಯನ್ನು ಮೆಲ್ಲಗೆ ಇಳಿಸಿ, ಆರನ್ನೂ ಹೊರಗೆ ತೆಗೆದರು. ಹಿತ್ತಾಳೆಯ ಸಲಾಕೆಯನ್ನು ನಳಿಗೆಯ ಬಾಯಿಂದ ಒಳಗೆ ಬಿಟ್ಟರು. ನಾಲ್ಕು ಬೆರಳಿನಷ್ಟು ಹೋಗಿ ನಿಂತಿತು. ಎತ್ತಿ ಮತ್ತೆ ಬಿಟ್ಟರು. ಅಲ್ಲೇ ನಿಂತಿತು.

"ಯಾ ಅಲ್ಲಾ," ಎಂದರು ಮೆಲ್ಲಗೆ.

ಕಟ್ಟಿಗೆಯ ಸುತ್ತಿಗೆಯಿಂದ ಸಲಾಕೆಯನ್ನು ಹನ್ನೊಂದು ಸಲ ಬಡಿದ ಮೇಲೆ ಸೀಸದ ಗುಂಡು ಬಟ್ಟೆಯ ಮೇಲೆ ಬಿದ್ದಿತು. ಮೈಮೇಲೆ ನಳಿಗೆಯ ಗೀರುಗಳು, ಮೂತಿ ಮಾತ್ರ ಏನೂ ಆಗದಂತೆ ದುಂಡಗೆ. ಮಾವ ಅದನ್ನು ಮುಟ್ಟಲಿಲ್ಲ. ಉಸ್ತಾದ್ ಮಾವನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡು ಬಹಳ ಹೊತ್ತು ಹಿಡಿದುಕೊಂಡಿದ್ದರು.

"ಏನು, ಭವಿಷ್ಯ ಹೇಳ್ತೀರೇನು?" ಎಂದರು ಮಾವ.

ಕೊನೆಯ ಆರನ್ನು ಯಾರೂ ಹೊಡೆಯಲಿಲ್ಲ. ಹೊಡೆಯಬೇಡಿ ಎಂದು ಯಾರೂ ಹೇಳಲೂ ಇಲ್ಲ. ನಾನು ಪುಟದಲ್ಲಿ ತೂತಿನ ಕಾಲಮ್ಮಿನ ಆರನ್ನು ಹೊಡೆದುಹಾಕಿ ಐದು ಎಂದು ಬರೆದೆ. ಪಕ್ಕದಲ್ಲಿ, ಮೊದಲು ತಪ್ಪಾಗಿ ಬರೆದದ್ದು ನಾನೇ ಎಂದು ಬರೆದು ಸಹಿ ಹಾಕಿದೆ. ಮಾವ ನೋಡಿದರು.

ಸೋಮವಾರ ಮಿಲ್ಲಿಗೆ ರಜೆ ಹಾಕಿ ದೇವದುರ್ಗಕ್ಕೆ ಹೋದೆ. ಠಾಣೆಯಲ್ಲಿ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ರಿವಾಲ್ವರು ಒಂದು, ಜೀವಂತ ಕಾಡತೂಸು ಆರು. ಬರೆದುಕೊಂಡವರು ಎರಡು ಸಲ ಎಣಿಸಿದರು. ನಾನು ಮೂರು ಸಲ. ಮಾವ ಸಹಿ ಹಾಕುವಾಗ ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಪೆನ್ನು ಹಿಡಿದ ಮೂರು, ಮಡಚಿದ ಎರಡು.

ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕುಳಿತೆವು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ಬೆಳಗಿನಿಂದ ಮಾವ ನನ್ನ ಜೊತೆ ಹತ್ತು ಮಾತೂ ಆಡಿರಲಿಲ್ಲ. ಆರನ್ನು ಐದು ಮಾಡಿದ್ದಕ್ಕೆ ಸಿಟ್ಟಿರಬೇಕು ಎಂದುಕೊಂಡಿದ್ದೆ.

"ಸಿಟ್ಟು ಬಂದದೇನ್ರಿ ಮಾವ?"

"ಯಾಕ?"

"ಐದು ಅಂತ ತಿದ್ದಿದ್ದಕ್ಕ."

ಅವರು ಬಜ್ಜಿ ಮುರಿದರು. ಹಬೆ ಎದ್ದಿತು. "ತಿದ್ದಿದ್ದು ಚಲೋ ಆತು," ಎಂದರು. ಹೊರಗೆ ನಿಂತಿದ್ದ ಬಸ್ಸಿನ ಕಡೆ ನೋಡುತ್ತ ಮುಂದುವರಿಸಿದರು: "ಆರನೇದು ಹೊಡದಾಗ ಅದು ಕೈಗೆ ಒದಿಲಿಲ್ಲ. ಐದೂ ಒದ್ದವು. ಅದೊಂದು ಒದಿಲಿಲ್ಲ. ಗೊತ್ತಾತು ನನಗ."

"ಗೊತ್ತಾತಾ? ಮತ್ತ್ಯಾಕ ತುಂಬಿದ್ರಿ?"

"ನೀ ಆರು ಅಂತ ಬರದಿಯಲ್ಲವ್ವಾ," ಎಂದರು ಮಾವ. ದನಿಯಲ್ಲಿ ದೂರು ಇರಲಿಲ್ಲ, ಯಾವುದೋ ಊರಿನ ದಾರಿ ಹೇಳುವಂತೆ ಹೇಳಿದರು. "ಐದು ಅಂತ ನೀ ಅಂದಿದ್ರ ಅಲ್ಲೇ ಬಿಡ್ತಿದ್ದೆ. ಕಣ್ಣು ಹ್ವಾದಂಗ ಕೈನೂ ಸುಳ್ಳು ಹೇಳಾಕ ಹತ್ತ್ಯದ ಅಂದ್ಕೊಂಡೆ. ನಿನ್ನ ಪುಸ್ತಕ ಯಾವಾಗ ಸುಳ್ಳು ಹೇಳ್ಯದ? ಪುಸ್ತಕದಾಗ ಅದ, ಖರೇನ ಇರಬೇಕು ಅಂತ ಕುದರಿ ಎಳದೆ."

ಹೋಟೆಲಿನ ಫ್ಯಾನು ತಿರುಗುತ್ತಿತ್ತು. ಮಾವ ತಟ್ಟೆಯನ್ನು ನನ್ನ ಕಡೆ ತಳ್ಳಿ, "ತಿನ್ನು, ತಣ್ಣಗಾದ್ರ ಚಲೋ ಇರಂಗಿಲ್ಲ" ಎಂದರು. ನಾನು ಒಂದು ಬಜ್ಜಿ ಎತ್ತಿಕೊಂಡೆ. ಅದು ಕೈಯಿಂದ ಜಾರಿ ಮಂಡಕ್ಕಿಯ ಮೇಲೆ ಬಿದ್ದಿತು. ಮಾವ ನೋಡಿಯೂ ನೋಡದವರಂತೆ ಬಸ್ಸಿನ ಬೋರ್ಡು ಓದುತ್ತ ಕುಳಿತಿದ್ದರು.